ಅಕ್ಕನ ಜೊತೆ ಹಸು, ನಾಯಿಗೂ ಜಾಗ ಮಾಡಿ

ಓದುಗರ ಪತ್ರ:

ಸಂಪಾದಕರೇ, ನಾನು ಹಾಸನದಲ್ಲಿದ್ದೇನೆ. ಅಕ್ಕನನ್ನು ಮೂಡಿಗೆರೆ ಕಡೆ ಕೊಟ್ಟಿದ್ದೇವೆ. ಭಾವ ಹೊಡೆಯುತ್ತಾರೆ. ಬಂದುಬಿಡು ಅಂತ ಎಷ್ಟು ಹೇಳಿದರೂ ಬರುವುದಿಲ್ಲ. ಕೇಳಿದರೆ ಹಸು, ನಾಯಿ ಅನ್ನುತ್ತಾಳೆ. ಹಸು ತವರಿನಿಂದ ಕೊಟ್ಟಿದ್ದು. ನಾಯಿ ಮರಿಯಿದ್ದಾಗಿನಿಂದ ಅವಳೇ ಸಾಕಿದ್ದು. "ನೀನು ಮನೆ ಬಿಟ್ಟು ತವರಿಗೆ ಹೋದ ದಿನವೇ ನಾಯಿಗೆ ವಿಷ ಹಾಕ್ತೀನಿ, ಹಸು ಮಾರ್ತೀನಿ" ಅಂತ ಭಾವ ಅಂದಿದ್ದಾರಂತೆ. ಅವಳ ಮೇಲೆ ಸಿಟ್ಟು ಬಂದಾಗೆಲ್ಲ ಆ ನಾಯಿಗೆ ಒದೆ ಬೀಳುತ್ತದೆ. ತೋಟ ಕಾಯಲು ಭಾವ ತಾವೇ ಸಾಕಿದ ನಾಯಿಯನ್ನು ಮಾತ್ರ ಮುಟ್ಟುವುದಿಲ್ಲ. ಈಗ ಅವರ ಎಂಟು ವರ್ಷದ ಮಗನೂ ಕೋಳಿಗಳಿಗೆ ಕಲ್ಲು ಹೊಡೆಯುತ್ತಾನೆ. ಊರಲ್ಲಿ ನಮ್ಮ ಕೊಟ್ಟಿಗೆ ಖಾಲಿ ಇದೆ, ಅಪ್ಪ-ಅಮ್ಮ ಇದ್ದಾರೆ, ಅವಳಿಗೇನು ಕಮ್ಮಿ? ಪ್ರಾಣಿಗಾಗಿ ಯಾರಾದರೂ ಏಟು ತಿಂದುಕೊಂಡು ಕೂರುತ್ತಾರಾ? ಅವಳಿಗೆ ಬುದ್ಧಿ ಹೇಳುವ ಹಾಗೆ ನಾಲ್ಕು ಸಾಲು ಬರೆಯಿರಿ. (ಹೆಸರು ಬೇಡ)

ಸಂಪಾದಕರ ಉತ್ತರ:

ನಿಮ್ಮ ಪತ್ರದಲ್ಲಿದ್ದ ಊರನ್ನೂ ಕೆಲವು ವಿವರಗಳನ್ನೂ ಬದಲಿಸಿದ್ದೇವೆ. ಅಕ್ಕನ ಮನೆಯವರ ಕಣ್ಣಿಗೆ ಬಿದ್ದರೂ ಗುರುತು ಸಿಗಬಾರದು.

ಅಕ್ಕನಿಗೆ ಬುದ್ಧಿ ಹೇಳುವ ಸಾಲುಗಳನ್ನು ನಾನು ಬರೆಯುವುದಿಲ್ಲ. ಅವರು ತಿಳಿವಳಿಕೆ ಇಲ್ಲದೆ ಅಲ್ಲಿ ಕೂತಿಲ್ಲ. ಗಂಡ ಹೇಳಿದ್ದನ್ನು ಮಾಡುವವನು ಎಂದು ಅವರಿಗೆ ಗೊತ್ತಿದೆ. ಕಾಫಿ ತೋಟದ ಮನೆಯಲ್ಲಿ ಔಷಧಿ ಡಬ್ಬಿ ಕೈಗೆ ಸಿಗುವ ಜಾಗದಲ್ಲೇ ಇರುತ್ತದೆ. ನಾಯಿಗೆ ವಿಷ ಹಾಕುವುದು ಬರೀ ಬಾಯಿಮಾತು ಅಂತ ದೂರದಲ್ಲಿರುವ ನಮಗೆ ಅನ್ನಿಸಬಹುದು. ಅಕ್ಕನಿಗೆ ಹಾಗೆ ಅಂದುಕೊಳ್ಳಲು ಆಗುವುದಿಲ್ಲ.

ನೀವು ಸುಮ್ನೆ ಬರೆದುಬಿಟ್ಟ ಒಂದು ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಭಾವ ತಮ್ಮ ತೋಟದ ನಾಯಿಯನ್ನು ಮುಟ್ಟುವುದಿಲ್ಲ ಎಂದಿದ್ದೀರಿ. ಸಿಟ್ಟು ತಡೆಯಲಾಗದೆ ಕೈಗೆ ಸಿಕ್ಕಿದ್ದಕ್ಕೆ ಹೊಡೆಯುವವರಾಗಿದ್ದರೆ ಆ ನಾಯಿಗೂ ಬೀಳಬೇಕಿತ್ತು, ಅಲ್ವಾ? ಬೀಳುವುದಿಲ್ಲ. ಅಂದರೆ ಒದೆ ಯಾರಿಗೆ ಬೀಳಬೇಕು ಎಂದು ಭಾವ ಆರಿಸಿಕೊಂಡಿದ್ದಾರೆ. ಆ ಮನೆಯಲ್ಲಿ ಅಕ್ಕನನ್ನು ಕಂಡರೆ ಬಾಲ ಅಲ್ಲಾಡಿಸುವ ಜೀವ ಯಾವುದೋ ಅದಕ್ಕೇ ಬೀಳುತ್ತದೆ. ನಾಯಿಯ ಮೈಗೆ ಏಟು, ಅಕ್ಕನಿಗೆ ಎಚ್ಚರಿಕೆ. ಇದನ್ನು ಪ್ರಾಣಿಯ ವಿಷಯ ಅಂತ ಬೇರೆ ಇಡಬೇಡಿ. ಅಕ್ಕನಿಗೆ ಬೀಳುವ ಏಟಿನ ಲೆಕ್ಕದಲ್ಲೇ ಇದನ್ನೂ ಸೇರಿಸಿ.

ಇದು ನಿಮ್ಮ ಅಕ್ಕನೊಬ್ಬರ ಕತೆಯಲ್ಲ. ಅಮೆರಿಕದ ಯೂಟಾ ರಾಜ್ಯದಲ್ಲಿ ಫ್ರಾಂಕ್ ಅಸಿಯೋನೆ ಎಂಬ ಮನಶ್ಶಾಸ್ತ್ರಜ್ಞರು ಗಂಡನ ಹೊಡೆತ ತಾಳದೆ ಆಶ್ರಯ ಕೇಂದ್ರಕ್ಕೆ ಬಂದ 38 ಹೆಂಗಸರನ್ನು ಮಾತಾಡಿಸಿದ್ದರು. ಅದು 1998ರಲ್ಲಿ ಪ್ರಕಟವಾಯಿತು. ಪ್ರಾಣಿ ಸಾಕಿದ್ದವರಲ್ಲಿ ನೂರಕ್ಕೆ 71 ಮಂದಿ, ತಮ್ಮ ಗಂಡ ಅಥವಾ ಸಂಗಾತಿ ಆ ಪ್ರಾಣಿಗೆ ಹಾನಿ ಮಾಡಿದ್ದ, ಕೊಂದಿದ್ದ ಅಥವಾ ಮಾಡುತ್ತೇನೆಂದು ಹೆದರಿಸಿದ್ದ ಎಂದರು. ಪ್ರಾಣಿಯ ಚಿಂತೆಯಿಂದಲೇ ಮನೆ ಬಿಡುವುದನ್ನು ಮುಂದೂಡಿದವರೂ ಅವರಲ್ಲಿದ್ದರು. ಚಿಕ್ಕ ಅಧ್ಯಯನ, ದೂರದ ದೇಶ, ನಿಜ. ಆದರೆ ಅದೇ ದೇಶ 2018ರಲ್ಲಿ, ಹೀಗೆ ಬರುವ ಹೆಂಗಸರ ಜೊತೆ ಅವರ ಪ್ರಾಣಿಗಳಿಗೂ ಜಾಗ ಮಾಡಲು ಹಣ ಕೊಡುವ ಕಾನೂನು ತಂದಿತು. ನಮ್ಮಲ್ಲಿ ಹೊಡೆತವೇನು ಕಮ್ಮಿಯಿಲ್ಲ. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 18ರಿಂದ 49 ವಯಸ್ಸಿನ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 44ಕ್ಕಿಂತ ಜಾಸ್ತಿ ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದಿದ್ದಾರೆ. ಆ ಸಮೀಕ್ಷೆಯಲ್ಲಿ ಕೆನ್ನೆಗೆ ಹೊಡೆದರಾ, ಕೈ ತಿರುಚಿದರಾ ಎಂದು ಕೇಳುತ್ತಾರೆ. ಹಟ್ಟಿಯ ಹಸುವಿನ ಬಗ್ಗೆ ಯಾರೂ ಕೇಳುವುದಿಲ್ಲ.

ಪ್ರಾಣಿಗೆ ಹೊಡೆಯುವವರೆಲ್ಲ ಹೆಂಡತಿಗೂ ಹೊಡೆಯುತ್ತಾರೆ ಎಂದು ನಾನು ಹೇಳುತ್ತಿಲ್ಲ. ಆದರೆ ಪ್ರಾಣಿಗೆ ಮತ್ತೆ ಮತ್ತೆ ಗಾಯವಾಗುತ್ತಿದ್ದರೆ ಆ ಮನೆಯ ಹೆಂಗಸು, ಮಕ್ಕಳು ಹೇಗಿದ್ದಾರೆ ಎಂದು ಯಾರಾದರೂ ವಿಚಾರಿಸಬೇಕು. ಹಾಸನದಲ್ಲೇ ಪಶುವೈದ್ಯಕೀಯ ಕಾಲೇಜಿದೆ. ನಾಳೆ ಹಳ್ಳಿ ಹಳ್ಳಿಯ ಹಟ್ಟಿಗೆ ಹೋಗುವ ಅಲ್ಲಿನ ಹುಡುಗ ಹುಡುಗಿಯರಿಗೆ ಈ ಮಾತು ತಲುಪಬೇಕು ಎಂದು ನನ್ನ ಆಸೆ.

ಇನ್ನು ಹಸು. ಅದನ್ನು ನೀವು "ಪ್ರಾಣಿ" ಅಂತ ಒಂದೇ ಮಾತಲ್ಲಿ ಮುಗಿಸಿದಿರಿ. ಡೈರಿಗೆ ಹಾಲು ಹಾಕುವ ಹೆಂಗಸಿಗೆ ಅದು ಬೇರೆಯವರ ಮುಂದೆ ಕೈಚಾಚದೆ ಸಿಗುವ ದುಡ್ಡು. ಮಗನ ಫೀಸು, ಬಸ್ ಚಾರ್ಜು ಎಲ್ಲ ಅದರಲ್ಲೇ ಆಗಬೇಕು. ಹಸು ಬಿಟ್ಟು ಬಾ ಎಂದರೆ ಬರಿಗೈಯಲ್ಲಿ ಬಾ ಎಂದ ಹಾಗೆ. ಕಾನೂನು ಈ ವಿಷಯದಲ್ಲಿ ಅಕ್ಕನ ಕಡೆ ಇದೆ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯ್ದೆ 2005ರದ್ದು, 2006ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂತು. ಹೆಂಡತಿಯ ಸ್ತ್ರೀಧನ, ಅಂದರೆ ಅವಳಿಗೆಂದೇ ಕೊಟ್ಟ ಆಸ್ತಿ, ಕಿತ್ತುಕೊಳ್ಳುವುದು, ಮಾರುವುದು ಅದರ ಪ್ರಕಾರ ಆರ್ಥಿಕ ಹಿಂಸೆ. ತವರಿನವರು ಮಗಳಿಗೆಂದು ಕೊಟ್ಟ ಹಸುವನ್ನು ವಕೀಲರು ಸ್ತ್ರೀಧನ ಎಂದೇ ವಾದಿಸಬಹುದು. ಮಾರಬಾರದು, ವಾಪಸ್ ಕೊಡಬೇಕು ಎಂದು ಆದೇಶ ಮಾಡುವ ಅಧಿಕಾರ ಮ್ಯಾಜಿಸ್ಟ್ರೇಟರಿಗಿದೆ. ತುರ್ತಾಗಿ ಬೇಕಿದ್ದರೆ ಮಧ್ಯಂತರ ಆದೇಶವನ್ನೂ ಕೇಳಬಹುದು. ರಕ್ಷಣಾ ಆದೇಶ ಮೀರಿದರೆ ಒಂದು ವರ್ಷದವರೆಗೆ ಜೈಲು, 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ನಾಯಿಯ ಹೆಸರು ಈ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಆದರೆ "ನಾಯಿಗೆ ವಿಷ ಹಾಕ್ತೀನಿ" ಎಂದು ಹೆದರಿಸಿ ಮನೆಯಲ್ಲಿ ಕೂರಿಸಿದ್ದು ಮಾನಸಿಕ ಹಿಂಸೆಯೇ. ಅರ್ಜಿಯಲ್ಲಿ ಅದನ್ನು ಹಾಗೇ ಬರೆಸಬೇಕು.

ಬರೀ ನಾಯಿಯ ಮೇಲಿನ ದೂರಾದರೆ? 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ತಪ್ಪಿಗೆ 10ರಿಂದ 50 ರೂಪಾಯಿ ದಂಡ. ಇವತ್ತಿಗೂ ಅಷ್ಟೇ. ಓದಿದರೆ ಹೊಟ್ಟೆ ಉರಿಯುತ್ತದೆ. ವಿಷ ಹಾಕಿದರೆ, ಕೊಂದರೆ, ಅಂಗ ಊನ ಮಾಡಿದರೆ ಮಾತ್ರ 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್ ಇದೆ, ಐದು ವರ್ಷದವರೆಗೆ ಜೈಲು. ಠಾಣೆಗೆ ಹೋದರೆ ಈ ನಂಬರ್ ಹೇಳಿ.

ಹುಡುಗ ಕಲ್ಲು ಹೊಡೆಯುವುದನ್ನು ತುಂಟತನ ಅಂತ ಬಿಡಬೇಡಿ, ಬೈಯಲೂ ಬೇಡಿ. ಕಂಡಿದ್ದನ್ನು ಮಾಡುತ್ತಿದ್ದಾನೆ. ರಜೆಗೆ ನಿಮ್ಮಲ್ಲಿಗೆ ಬಂದಾಗ ಮನೆಯಲ್ಲಿ ಹೇಗಿದೆ ಮಗಾ ಎಂದು ಕೇಳಿ, ಅವನು ಹೇಳುವಷ್ಟು ಕೇಳಿಸಿಕೊಳ್ಳಿ.

ಈಗ ನಿಮ್ಮ ಕೈಲಾಗುವುದು. ಊರಲ್ಲಿ ಕೊಟ್ಟಿಗೆ ಖಾಲಿ ಇದೆ ಎಂದು ನೀವೇ ಬರೆದಿದ್ದೀರಿ. ಇಷ್ಟು ದಿನ ಅಕ್ಕನಿಗೆ "ನೀನು ಬಾ" ಎಂದಿರಿ. ಈ ಸಲ "ಹಸು ಇಲ್ಲಿ ಕಟ್ಟೋಣ, ನಾಯಿ ನಾನು ಇಟ್ಟುಕೊಳ್ತೀನಿ, ನೀನು ಮಗನನ್ನು ಕರೆದುಕೊಂಡು ಬಾ" ಎನ್ನಿ. ಅಪ್ಪ-ಅಮ್ಮನ ಒಪ್ಪಿಗೆ ಮೊದಲೇ ಪಡೆದಿರಿ. ಆಶ್ರಯ ಕೊಡುವ ಸರ್ಕಾರಿ ಕೇಂದ್ರಗಳಲ್ಲಿ ಹಸು ಕಟ್ಟಲು ಜಾಗವಿಲ್ಲ. ಆ ಜಾಗ ನಿಮ್ಮ ಹತ್ತಿರ ಇದೆ.

ಆದರೆ ಅವಸರ ಮಾಡಬೇಡಿ. ಹೆಂಗಸು ಮನೆ ಬಿಡುವ ಹೊತ್ತೇ ಜಾಸ್ತಿ ಅಪಾಯದ ಹೊತ್ತು. ನಾಯಿ ಒಂದು ವಾರ ಮುಂಚೆ ಕಾಣೆಯಾದರೆ ಭಾವನಿಗೆ ಗೊತ್ತಾಗಿಬಿಡುತ್ತದೆ. ಅಕ್ಕ, ಮಗ, ನಾಯಿ ಒಂದೇ ದಿನ ಹೊರಡಬೇಕು. ಆ ದಿನ ಹಸು ತರಲು ಆಗದಿದ್ದರೆ ಅದಕ್ಕಾಗಿ ನಿಲ್ಲಬೇಡಿ, ಕೋರ್ಟಿನ ಮೂಲಕ ಕೇಳೋಣ. ಅದಕ್ಕೆ ಬೇಕಾದ್ದನ್ನು ಈಗಿನಿಂದ ಕೂಡಿಸಿ. ಹಸುವಿನ ಕಿವಿಯ ಹಳದಿ ಓಲೆಯಲ್ಲಿ 12 ಅಂಕಿಯ ನಂಬರ್ ಇರುತ್ತದೆ, ಬರೆದುಕೊಳ್ಳಿ. ಡೈರಿ ಪಾಸ್‌ಬುಕ್ ಅಕ್ಕನ ಹೆಸರಲ್ಲಿದ್ದರೆ ಫೋಟೋ ತೆಗೆಯಿರಿ. ಹಸುವಿಗೆ ವಿಮೆ ಮಾಡಿಸಿದ್ದರೆ ಆ ಕಾಗದ, ನಾಯಿಯ ಲಸಿಕೆ ಕಾರ್ಡು ಕೂಡ. ನಾಯಿಗೆ ಏಟಾದಾಗ ಸರ್ಕಾರಿ ಪಶು ಆಸ್ಪತ್ರೆಯಲ್ಲಿ ತೋರಿಸಿ ಗಾಯ, ತಾರೀಖು ಚೀಟಿಯಲ್ಲಿ ಬರೆಸಿ. ಫೋಟೋಗಳು ನಿಮ್ಮ ಫೋನಿನಲ್ಲಿರಲಿ, ಅಕ್ಕನ ಫೋನಿನಿಂದ ಅಳಿಸಿಬಿಡಲಿ.

181 ಮಹಿಳಾ ಸಹಾಯವಾಣಿ, ಯಾವ ಹೊತ್ತಿನಲ್ಲಾದರೂ ಮಾಡಬಹುದು. ಅಕ್ಕನ ಪರವಾಗಿ ನೀವೂ ಮಾಡಬಹುದು. ಈಗಲೇ ಜೀವಕ್ಕೆ ಅಪಾಯ ಎಂದರೆ 112. ಹಿಂಸೆಗೆ ಒಳಗಾದ ಹೆಂಗಸರಿಗೆಂದೇ ಇರುವ ಸರ್ಕಾರಿ ಸಖಿ ಕೇಂದ್ರದಲ್ಲಿ ಕೆಲವು ದಿನ ಉಳಿಯಲು ಜಾಗ, ಆಪ್ತ ಸಲಹೆ, ವಕೀಲರು ಸಿಗುತ್ತಾರೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಹೆಂಗಸರಿಗೆ ಆದಾಯ ನೋಡದೆ ಉಚಿತವಾಗಿ ವಕೀಲರನ್ನು ಕೊಡುತ್ತದೆ, ಅದರ ಸಹಾಯವಾಣಿ 15100.

ಈ ಸಂಚಿಕೆಯನ್ನು ಅಕ್ಕನ ಮನೆಗೆ ಕಳಿಸಬೇಡಿ, ವಾಟ್ಸ್ಯಾಪಿನಲ್ಲಿ ಫೋಟೋ ಹಾಕಲೂ ಬೇಡಿ. ಮುಂದಿನ ಸಲ ಅವರು ತವರಿಗೆ ಬಂದಾಗ ಕೈಗೆ ಕೊಟ್ಟು ಓದಿಸಿ.