ರೈಫಲ್ ಲೊಟಗುಟ್ಟಿದರೆ ಮೊದಲು ಸ್ಕ್ರೂ ಡ್ರೈವರ್ ಹಿಡಿಯಬೇಡಿ

ಪ್ರಶ್ನೆ: ಅಮೆರಿಕದ ಟೆಕ್ಸಸ್‌ನಲ್ಲಿದ್ದೇನೆ. ಗಿರವಿ ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಹಳೆಯ ಮಾರ್ಲಿನ್ ಮಾಡೆಲ್ 60 (ಪಾಯಿಂಟ್ 22ರ ಅರೆಸ್ವಯಂಚಾಲಿತ ರೈಫಲ್) ಕೊಂಡೆ. ಅಲ್ಲಾಡಿಸಿದರೆ ಒಳಗೇನೋ ಲೊಟಲೊಟ ಅನ್ನುತ್ತದೆ. ಹೊಡೆದಾಗ ಗುಂಡಿನ ಖಾಲಿ ಕೇಸ್ ಪೂರ್ತಿ ಹೊರಗೆ ಬೀಳದೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. 50 ಗಜಕ್ಕೆ ಗುಂಡುಗಳು ದಿನಕ್ಕೊಂದು ಕಡೆ ಬೀಳುತ್ತವೆ. ಮೊನ್ನೆ ಒಳಗಿಂದ ಹಳದಿ ಪ್ಲಾಸ್ಟಿಕ್ಕಿನ ಚೂರೊಂದು ಬಿತ್ತು. ಕಾಣುವ ಸ್ಕ್ರೂಗಳನ್ನೆಲ್ಲ ಬಿಗಿ ಮಾಡಿದೆ, ಏನೂ ಬದಲಾಗಲಿಲ್ಲ. ಇದು ಸವೆದು ಮುಗಿದ ಕೋವಿಯೇ?

ಉತ್ತರ: ಆ ಹಳದಿ ಚೂರನ್ನು ಎಸೆದಿಲ್ಲ ತಾನೆ? ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಹೆಚ್ಚು ವಿಷಯ ಹೇಳುವುದು ಅದೇ. ಅದು ರಿಕಾಯ್ಲ್ ಬಫರ್‌ನ ತುಂಡು. ಯಂತ್ರಭಾಗಗಳನ್ನು ಹೊತ್ತ ಲೋಹದ ಗೂಡಿಗೆ ರಿಸೀವರ್ ಅನ್ನುತ್ತಾರೆ, ಅದರ ಹಿಂತುದಿಯಲ್ಲಿ ಕೂರುವ ಪ್ಲಾಸ್ಟಿಕ್ ಭಾಗ ಅದು; ಪ್ರತಿ ಗುಂಡಿಗೂ ಹಿಂದಕ್ಕೆ ಹಾರುವ ಬೋಲ್ಟ್ (ಗುಂಡಿನ ಹಿಂದೆ ಮುಚ್ಚಿಕೊಳ್ಳುವ ತುಂಡು) ಬಂದು ಬಡಿಯುವುದು ಅದಕ್ಕೇ. ವರ್ಷಗಳು ಕಳೆದಂತೆ, ಕ್ಲೀನಿಂಗ್ ದ್ರಾವಣ ಕುಡಿದಂತೆ, ಈ ಪ್ಲಾಸ್ಟಿಕ್ ಹಳದಿಯಾಗಿ, ಪೆಡಸಾಗಿ, ಕೊನೆಗೆ ಒಡೆಯುತ್ತದೆ. ಒಡೆದ ಮೇಲೆ ಎರಡು ತೊಂದರೆ. ಚೂರುಗಳು ಒಳಗಿನ ಚಲಿಸುವ ಭಾಗಗಳ ನಡುವೆ ಹೊಕ್ಕು ಜಾಮ್ ಮಾಡುತ್ತವೆ. ಬೋಲ್ಟ್ ಉಕ್ಕಿನದು, ರಿಸೀವರ್ ಅಲ್ಯೂಮಿನಿಯಂ ಮಿಶ್ರಲೋಹದ್ದು. ನಡುವಿನ ಮೆತ್ತೆ ಹೋದರೆ ಪೆಟ್ಟು ತಿನ್ನುವುದು ಯಾವುದೆಂದು ಹೇಳಬೇಕಿಲ್ಲ. ಬಫರ್ ಅಗ್ಗದ ಭಾಗ, ರಿಸೀವರ್ ಹೋದರೆ ಕೋವಿಯೇ ಹೋದಂತೆ. ಹಾಗಾಗಿ ಬಫರ್ ಬದಲಾಯಿಸುವ ತನಕ ಒಂದು ಗುಂಡೂ ಹೊಡೆಯಬೇಡಿ.

ಬಿಚ್ಚುವ ಮುಂಚೆ ಒಂದು ಮಾತು. ಇದು ಬ್ಯಾರೆಲ್ ಕೆಳಗಿನ ಇನ್ನೊಂದು ನಳಿಗೆಯಲ್ಲಿ (ಮ್ಯಾಗಜೀನ್) ಗುಂಡು ತುಂಬುವ ರೈಫಲ್. ಒಳನಳಿಗೆಯನ್ನು ಎಳೆದು ತೆಗೆದು, ಮೂತಿ ಬಗ್ಗಿಸಿ ಗುಂಡು ಸುರಿದ ಮಾತ್ರಕ್ಕೆ ಖಾಲಿಯಾಯಿತೆಂದು ತಿಳಿಯಬೇಡಿ. ಗುಂಡನ್ನು ಮೇಲೆತ್ತುವ ಲಿಫ್ಟರ್‌ನಲ್ಲೋ ಅದರ ಮುಂದಿನ ಗಂಟಲಿನಲ್ಲೋ ಒಂದು ಗುಂಡು ಉಳಿದಿರಬಹುದು. ಮೂತಿಯನ್ನು ಸುರಕ್ಷಿತ ದಿಕ್ಕಿಗಿಟ್ಟು ಬೋಲ್ಟನ್ನು ಹಲವು ಸಲ ಎಳೆದು ಬಿಡಿ. ಆಮೇಲೆ ಟಾರ್ಚ್ ಬಿಟ್ಟು ಚೇಂಬರನ್ನೂ (ಬ್ಯಾರೆಲ್ ಬುಡದಲ್ಲಿ ಗುಂಡು ಕೂರುವ ಜಾಗ) ಲಿಫ್ಟರನ್ನೂ ಕಣ್ಣಾರೆ ನೋಡಿ, ಕಿರುಬೆರಳು ಆಡಿಸಿ ನೋಡಿ. ಗುಂಡಿನ ಡಬ್ಬಿ ಬೇರೆ ಕೋಣೆಯಲ್ಲಿರಲಿ.

ಕೆಳಗಿನ ಎರಡು ಸ್ಕ್ರೂ ತೆಗೆದರೆ ಇಡೀ ಯಂತ್ರ ಮರದ ಹಿಡಿಯಿಂದ ಮೇಲೆದ್ದು ಬರುತ್ತದೆ. ಅಲ್ಲಿಂದ ಮುಂದೆ ನಿಮ್ಮ ರೈಫಲ್ಲಿನ ಕೈಪಿಡಿ ಪಕ್ಕದಲ್ಲಿಟ್ಟುಕೊಂಡೇ ಹೋಗಿ. ಬಫರ್ ಒಡೆದಿದ್ದರೆ ಬಿಚ್ಚುವಾಗ ಅದು ತುಂಡುತುಂಡಾಗಿ ಕೈಗೆ ಬರುತ್ತದೆ. ಎಲ್ಲ ತುಂಡನ್ನೂ ಜೋಡಿಸಿ ನೋಡಿ. ಆಕಾರ ಪೂರ್ತಿಯಾಗದಿದ್ದರೆ ಉಳಿದ ಚೂರು ಇನ್ನೂ ಒಳಗಿದೆ ಎಂದರ್ಥ. ಲೊಟಲೊಟ ಸದ್ದು ಅದರದ್ದೇ ಇರಬಹುದು. ಬೋಲ್ಟಿನ ಹಿಂದಿನ ರಿಕಾಯ್ಲ್ ಸ್ಪ್ರಿಂಗ್ ಉದ್ದಕ್ಕಿದೆ, ತೆಳ್ಳಗಿದೆ, ಸ್ವಲ್ಪ ಅವಸರ ಮಾಡಿದರೂ ಮಡಿಚಿಕೊಳ್ಳುತ್ತದೆ. ಒಮ್ಮೆ ಮಡಿಚಿದ್ದನ್ನು ನೆಟ್ಟಗೆ ಮಾಡಿ ಹಾಕುವ ಜಿಪುಣತನ ಬೇಡ, ಹೊಸದು ಹಾಕಿ.

ಭಾಗ ತರಿಸುವ ಮುಂಚೆ ಕೋವಿಯ ವಯಸ್ಸು ತಿಳಿಯುವುದು ಒಳ್ಳೆಯದು. ಮಾಡೆಲ್ 60 ಶುರುವಾದದ್ದು 1960ರಲ್ಲಿ. ಒಂದು ಕೋಟಿಗಿಂತ ಹೆಚ್ಚು ತಯಾರಾದವು, ನಡುವೆ ಒಳಭಾಗಗಳು ಒಂದಲ್ಲ ಎರಡಲ್ಲ, ಹಲವು ಸಲ ಬದಲಾದವು. 1980ರ ದಶಕದ ನಡುಭಾಗದಿಂದ ಈಚಿನವುಗಳಲ್ಲಿ ಕೊನೆಯ ಗುಂಡಾದ ಮೇಲೆ ಬೋಲ್ಟ್ ತೆರೆದೇ ನಿಲ್ಲುತ್ತದೆ, ಹಳೆಯವುಗಳಲ್ಲಿ ಇಲ್ಲ. 1973ರಿಂದ 90ರ ದಶಕದವರೆಗಿನ ಕೋವಿಯಾದರೆ ಸೀರಿಯಲ್ ನಂಬರಿನ ಮೊದಲೆರಡು ಅಂಕಿಗಳನ್ನು 2000ದಿಂದ ಕಳೆಯಿರಿ, ತಯಾರಾದ ವರ್ಷ ಸಿಗುತ್ತದೆ. 25 ಎಂದು ಶುರುವಾದರೆ 1975. ಮಾರ್ಲಿನ್ ರೆಮಿಂಗ್ಟನ್ ಕೈಗೆ ಹೋಗಿ, 2020ರಲ್ಲಿ ರೆಮಿಂಗ್ಟನ್ ದಿವಾಳಿಯಾದಾಗ ರೂಗರ್ ಕೈ ಸೇರಿತು. ರೂಗರ್‌ನವರು ಮೊದಲು ಕೈಹಾಕಿದ್ದು ಲಿವರ್ ರೈಫಲ್‌ಗಳಿಗೆ. ಹಾಗಾಗಿ ನಿಮ್ಮ ಕೋವಿಗೆ ಬಿಡಿಭಾಗ ಬೇಕೆಂದರೆ ಹಳೆ ಭಾಗ ಮಾರುವವರು, ಇಲ್ಲವೇ ಹೊರಗಿನ ತಯಾರಕರೇ ಗತಿ. ಸಿಗುತ್ತವೆ, ಚಿಂತೆಯಿಲ್ಲ.

ಇನ್ನು ಖಾಲಿ ಕೇಸ್ ಸಿಕ್ಕಿಕೊಳ್ಳುವ ವಿಚಾರ. ಇಲ್ಲಿ ಹತ್ತಕ್ಕೆ ಎಂಟು ಜನ ನೇರವಾಗಿ ಸವೆತದ ಮೇಲೆ ತಪ್ಪು ಹೊರಿಸುತ್ತಾರೆ. ನನ್ನ ಅನುಮಾನ ಮೊದಲು ಹೋಗುವುದು ಕೊಳೆಯ ಮೇಲೆ. ಪಾಯಿಂಟ್ 22ರ ಗುಂಡು ಹೆಚ್ಚಾಗಿ ಮೇಣ ಹಚ್ಚಿದ ಸೀಸ. ಅದರ ಮಸಿ, ಮೇಣ, ಸೀಸದ ಪುಡಿ ಎಲ್ಲ ಸೇರಿ ಬೋಲ್ಟಿನ ಮುಖದಲ್ಲೂ ಚೇಂಬರ್‌ನಲ್ಲೂ ಗಟ್ಟಿ ಕಿಟ್ಟವಾಗಿ ಕೂರುತ್ತವೆ. ಈ ಬೋಲ್ಟಿಗೆ ಎಡಬಲ, ಖಾಲಿ ಕೇಸನ್ನು ಹೊರಗೆಳೆಯುವ ಎರಡು ಎಕ್ಸ್‌ಟ್ರಾಕ್ಟರ್‌ಗಳಿವೆ, ಎರಡನ್ನೂ ಒಂದು ಸ್ಪ್ರಿಂಗ್ ಕ್ಲಿಪ್ ಅಮುಕಿ ಹಿಡಿಯುತ್ತದೆ. ಅವುಗಳ ಉಗುರಿನ ಕೆಳಗೆ ಹಲ್ಲುಕಡ್ಡಿ ಆಡಿಸಿ ನೋಡಿ, ಏನೇನು ಹೊರಗೆ ಬರುತ್ತದೆಂದು ನಿಮಗೇ ಆಶ್ಚರ್ಯವಾಗುತ್ತದೆ. ತೊಳೆದ ಮೇಲೆ ಉಗುರಿನ ಅಂಚನ್ನು ಬೆಳಕಿಗೆ ಹಿಡಿಯಿರಿ. ಚೂಪಾಗಿದ್ದರೆ ಸರಿ, ಉರುಟಾಗಿದ್ದರೆ, ಮುರಿದಿದ್ದರೆ ಬದಲಾಯಿಸಿ.

ಚೇಂಬರ್ ಬಾಯಂಚನ್ನೂ ನೋಡಿ. ಹಿಂದಿನ ಮಾಲೀಕರು ಗುಂಡಿಲ್ಲದೆ ಟ್ರಿಗರ್ ಒತ್ತುವ ಚಟದವರಾಗಿದ್ದರೆ ಫೈರಿಂಗ್ ಪಿನ್ ಅಲ್ಲಿ ತಗ್ಗು ಮಾಡಿರುತ್ತದೆ, ತಗ್ಗಿನ ಪಕ್ಕದಲ್ಲಿ ಉಬ್ಬಿದ ಲೋಹ ಕೇಸನ್ನು ಹಿಡಿದುಕೊಳ್ಳುತ್ತದೆ. ಇದು ಮನೆಯಲ್ಲಿ ಅರದಿಂದ ಉಜ್ಜುವ ಕೆಲಸವಲ್ಲ, ಗನ್‌ಸ್ಮಿತ್ ಹತ್ತಿರ ಅದಕ್ಕೆಂದೇ ಸಾಧನವಿದೆ.

ಇಷ್ಟಾದ ಮೇಲೂ ಹೊಸ ಗುಂಡುಗಳು ಒಳಗೆ ಹೋಗುವಾಗ ಮೂಗು ಮೇಲೆತ್ತಿ ಅಥವಾ ಪಕ್ಕಕ್ಕೆ ತಿರುಗಿ ಸಿಕ್ಕಿಕೊಂಡರೆ ಆಗ ಫೀಡ್ ಥ್ರೋಟ್ ಮೇಲೆ ಕಣ್ಣು ಹಾಕಿ. ಗುಂಡನ್ನು ಚೇಂಬರಿಗೆ ದಾರಿ ತೋರಿಸುವ ಪುಟ್ಟ ಭಾಗ ಅದು, ನಿಜಕ್ಕೂ ಸವೆಯುತ್ತದೆ. ಇಕ್ಕುಳದಲ್ಲಿ ಹಿಡಿದು ಬಗ್ಗಿಸುವವರನ್ನು ಕಂಡಿದ್ದೇನೆ. ಒಂದು ಡಬ್ಬಿ ಗುಂಡಿಗೆ ಸರಿಹೋಗುತ್ತದೆ, ಮತ್ತೆ ಅದೇ ಕತೆ.

ಗುಂಡು ಎಲ್ಲೆಲ್ಲೋ ಬೀಳುವುದಕ್ಕೆ ಸಾಮಾನ್ಯವಾಗಿ ಒಳಗಿನ ಭಾಗಗಳು ಕಾರಣವಲ್ಲ. ಗುರಿಯ ದುರ್ಬೀನು, ಅಂದರೆ ಸ್ಕೋಪ್, ಹಾಕಿದ್ದರೆ ಅದರ ರಿಂಗುಗಳು ರಿಸೀವರ್ ಮೇಲಿನ ತೋಡಿಗೆ ಕಚ್ಚಿಕೊಂಡಿರುತ್ತವೆ. ಮೆತ್ತನೆ ಅಲ್ಯೂಮಿನಿಯಂ ಆದ್ದರಿಂದ ಅವು ಕೂದಲೆಳೆಯಷ್ಟು ಸರಿದರೂ ಗೊತ್ತಾಗುವುದಿಲ್ಲ. ಉಗುರುಬಣ್ಣದಿಂದ ರಿಂಗಿಗೂ ರಿಸೀವರಿಗೂ ಸೇರಿಸಿ ಒಂದು ಸಣ್ಣ ಗೆರೆ ಎಳೆಯಿರಿ, ಹಿಡಿಯ ಸ್ಕ್ರೂಗಳ ತಲೆಗೂ ಹಾಗೇ. ಒಂದು ದಿನ ಹೊಡೆದು ಬಂದು ನೋಡಿ. ಗೆರೆ ಮುರಿದಿರುವ ಕಡೆಯೇ ನಿಮ್ಮ ತೊಂದರೆ. ಎಲ್ಲ ಸ್ಕ್ರೂಗಳನ್ನೂ ಒಟ್ಟಿಗೆ ಬಿಗಿದಿರಿ ಅಂದಿರಲ್ಲ, ಅದರಿಂದ ಯಾವುದು ಸಡಿಲಿತ್ತು ಎಂಬ ಸುಳಿವೇ ಹೋಯಿತು. ಅತಿಯಾಗಿ ಬಿಗಿದರೆ ಮರ ನುಜ್ಜಾಗಿ ಮುಂದಿನ ಸಲ ಇನ್ನೂ ಬೇಗ ಸಡಿಲಾಗುತ್ತದೆ. ಮುಂದಿನ ಸಲ ಒಂದೊಂದನ್ನೇ ಬದಲಾಯಿಸಿ, ಒಂದೇ ಜಾತಿಯ ಗುಂಡು ಹಾಕಿ ಹೊಡೆಯಿರಿ. ಸಗಟು ಡಬ್ಬಿಯ ಅಗ್ಗದ ಗುಂಡಿನಲ್ಲಿ ಪರೀಕ್ಷೆ ಮಾಡಿದರೆ ತಪ್ಪು ಕೋವಿಯದೋ ಗುಂಡಿನದೋ ತಿಳಿಯುವುದಿಲ್ಲ.

ಹಾಗೆಂದು ಅಲುಗಾಡುವುದೆಲ್ಲ ರೋಗವಲ್ಲ. ಈ ಬೆಲೆಯ ಕೋವಿಯಲ್ಲಿ ಬೋಲ್ಟಿನ ಹಿಡಿಕೆ ತುಸು ಆಡುತ್ತದೆ, ಒಳನಳಿಗೆ ಕಿಣಿಕಿಣಿ ಅನ್ನುತ್ತದೆ, ಟ್ರಿಗರ್ ಅಡ್ಡಕ್ಕೆ ವಾಲುತ್ತದೆ. ಬೋಲ್ಟ್ ಸರಾಗವಾಗಿ ಓಡಲೆಂದು ಬಿಟ್ಟ ಸಂದು ಅದು. ಆ ಸಂದು ಇರುವುದರಿಂದಲೇ ಕೊಳೆಯಾದರೂ ಈ ರೈಫಲ್ ಕೆಲಸ ಮಾಡುತ್ತದೆ.

ಎರಡು ಲಕ್ಷಣ ಕಂಡರೆ ಮಾತ್ರ ಆ ಕ್ಷಣವೇ ನಿಲ್ಲಿಸಿ: ಒಮ್ಮೆ ಟ್ರಿಗರ್ ಒತ್ತಿದ್ದಕ್ಕೆ ಎರಡು ಗುಂಡು ಹಾರುವುದು, ಅಥವಾ ಬೋಲ್ಟ್ ಪೂರ್ತಿ ಮುಚ್ಚುವ ಮುನ್ನವೇ ಗುಂಡು ಹಾರಿ ಕೇಸ್ ಹರಿಯುವುದು. ಟ್ರಿಗರ್ ಒತ್ತುವ ತನಕ ಹ್ಯಾಮರನ್ನು ಹಿಡಿದಿಡುವ ಸಿಯರ್‌ನ ಅಂಚಿಗೆ ಅರ ಮುಟ್ಟಿಸಬೇಡಿ. ಕೋವಿ ಖಾಲಿ ಮಾಡಿ ಗನ್‌ಸ್ಮಿತ್‌ಗೆ ಕೊಡಿ. ಅಮೆರಿಕದ ಕಾನೂನಿನಲ್ಲೂ ಒಂದು ಒತ್ತಿಗೆ ಒಂದಕ್ಕಿಂತ ಹೆಚ್ಚು ಹಾರುವ ಆಯುಧ ಬೇರೆಯೇ ವರ್ಗಕ್ಕೆ ಸೇರುತ್ತದೆ, ಅದನ್ನು ಹಾಗೇ ಬಳಸುತ್ತಿರುವುದು ಯಾವ ರೀತಿಯಿಂದಲೂ ಕ್ಷೇಮವಲ್ಲ.

ಪ್ರಶ್ನೆ: ನನ್ನದು ರೂಗರ್ 10/22, ಅದೂ ಪಾಯಿಂಟ್ 22ರ ರೈಫಲ್. ಮೂತಿ ಹಿಡಿದು ಒತ್ತಿದರೆ ಬ್ಯಾರೆಲ್ ತುಸು ಅಲ್ಲಾಡುತ್ತದೆ. ಇದೂ ನೀವು ಹೇಳುವ ಸಹಜ ಸಡಿಲವೇ?

ಉತ್ತರ: ಅಲ್ಲ. ಮೊದಲು ಖಾಲಿ ಮಾಡಿ, ಹಿಡಿಯಿಂದ ಬೇರ್ಪಡಿಸಿ, ಬರೀ ರಿಸೀವರ್ ಹಿಡಿದು ಬ್ಯಾರೆಲ್ ಅಲುಗಿಸಿ. ಈಗ ಅಲ್ಲಾಡದಿದ್ದರೆ ಸಡಿಲವಿರುವುದು ಹಿಡಿಯ ಸ್ಕ್ರೂನಲ್ಲೋ ಮುಂದಿನ ಬ್ಯಾಂಡ್‌ನಲ್ಲೋ. ಈಗಲೂ ಅಲ್ಲಾಡಿದರೆ ಬ್ಯಾರೆಲ್ ಬುಡ ನೋಡಿ. 1964ರಲ್ಲಿ ಬಂದ ಈ ರೈಫಲ್ಲಿನಲ್ಲಿ ಬ್ಯಾರೆಲ್ಲನ್ನು ಸ್ಕ್ರೂವಿನಂತೆ ತಿರುಗಿಸಿ ಕೂರಿಸಿಲ್ಲ. ರಿಸೀವರ್ ಒಳಗೆ ತೂರಿಸಿ, ಕೆಳಗಿಂದ ವಿ ಆಕಾರದ ಬ್ಲಾಕೊಂದನ್ನು ಎರಡು ಸ್ಕ್ರೂಗಳಿಂದ ಎಳೆದು ಹಿಡಿಸಿದ್ದಾರೆ. 5/32 ಇಂಚಿನ ಅಲೆನ್ ಕೀ ತಗೊಂಡು ಇದಕ್ಕೊಮ್ಮೆ ಅದಕ್ಕೊಮ್ಮೆ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಒಂದನ್ನೇ ಪೂರ್ತಿ ಬಿಗಿದರೆ ಬ್ಲಾಕ್ ವಾರೆಯಾಗುತ್ತದೆ. ಹೀಗೆ ಮಾಡಿದ ಮೇಲೂ ಬ್ಯಾರೆಲ್ ಆಡಿದರೆ ರಿಸೀವರ್‌ನ ರಂಧ್ರವೇ ಅಗಲವಾಗಿರಬೇಕು, ಕಂಪನಿಗೇ ಕಳಿಸಿ.

ಪ್ರಶ್ನೆ: ನಾವು ಕೊಡಗಿನವರು. ತಾತನ ಕಾಲದ ಜೋಡುನಳಿಗೆ ಕೋವಿ ಮಡಚುವ ಜಾಗದಲ್ಲಿ ಲೊಡಲೊಡ ಅನ್ನುತ್ತದೆ. ನಮ್ಮ ಆಯುಧಪೂಜೆಯ ಹಬ್ಬ ಕೈಲ್ ಮುಹೂರ್ತಕ್ಕೆ ಪೂಜೆಗಿಡಬೇಕು, ತೆಂಗಿನಕಾಯಿಗೆ ಗುರಿ ಹೊಡೆಯುವ ಆಸೆಯೂ ಇದೆ. ತಗಡಿನ ಚೂರು ಸಿಕ್ಕಿಸಿದರೆ ಸಾಕು ಅಂತ ಒಬ್ಬರು ಹೇಳಿದರು.

ಉತ್ತರ: ಪೂಜೆಗೆ ಧಾರಾಳವಾಗಿ ಇಡಿ, ಹೊಡೆಯಬೇಡಿ. ಮುಂದಿನ ಮರ ಕಳಚಿ, ಹಿಡಿಯನ್ನು ಕಂಕುಳಲ್ಲಿ ಒತ್ತಿ ನಳಿಗೆಯನ್ನು ಎಡಬಲಕ್ಕೆ ಅಲುಗಿಸಿ. ನಳಿಗೆಯ ಬುಡಕ್ಕೂ ಹಿಂದಿನ ಗೋಡೆಗೂ ನಡುವೆ ಬೆಳಕು ಕಂಡರೆ ಹಿಂಜ್ ಪಿನ್ ಸವೆದಿದೆ. ತಗಡು ಸಿಕ್ಕಿಸಿದರೆ ಸದ್ದು ನಿಲ್ಲುತ್ತದೆ, ಸಂದು ಮಾತ್ರ ಬಾಯಿ ತೆರೆದೇ ಇರುತ್ತದೆ. ಹೊಡೆದಾಗ ಬಿಸಿ ಅನಿಲ ಬರುವುದು ನಿಮ್ಮ ಮುಖಕ್ಕೇ. ನಳಿಗೆಯ ಮೇಲೆ ಹಾವಿನ ಪೊರೆಯಂಥ ಸುರುಳಿ ಗೆರೆಗಳಿದ್ದರಂತೂ ಅದು ಡಮಾಸ್ಕಸ್ ನಳಿಗೆ, ಈಗಿನ ತೋಟಾಗಳಿಗೆ ಮಾಡಿದ್ದಲ್ಲ.

ಇನ್ನೊಂದು ವಿಷಯ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ (ಕೊಡಗಿನ ವಂಶಪಾರಂಪರ್ಯ ಜಮೀನಿನವರು) 2029ರವರೆಗೆ ಸಿಕ್ಕಿರುವ ಪರವಾನಗಿ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ. ರಿಪೇರಿ ಅಂಗಡಿ ನಡೆಸುವವರಿಗೆ 1959ರ ಆಯುಧ ಕಾಯ್ದೆಯ 5ನೇ ಕಲಮಿನಡಿ ಪರವಾನಗಿ ಬೇಕೇ ಬೇಕು. ಊರ ವೆಲ್ಡಿಂಗ್ ಅಂಗಡಿಗೆ ಕೊಡಬೇಡಿ. ಪರವಾನಗಿ ಇರುವ ಕೋವಿ ರಿಪೇರಿಯವರಲ್ಲಿಗೆ ನಿಮ್ಮ ದಾಖಲೆಯೊಂದಿಗೆ ನೀವೇ ತಗೊಂಡು ಹೋಗಿ, ಕೋವಿ ಬಿಟ್ಟು ಬರುವಾಗ ಅದರ ನಂಬರ್ ಬರೆಸಿ ರಶೀದಿ ಪಡೆಯಿರಿ.