ಆ ಕಡೆ ತಿರುಗಿ ಮಲಗುವ ಗಂಡ

(ಗುರುತು ಸಿಗದಂತೆ ವಯಸ್ಸು, ಉದ್ಯೋಗ, ಮನೆಯ ವಿವರಗಳನ್ನು ಬದಲಿಸಿದೆ.)

ಆತನಿಗೆ 38, ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುವ ಕೆಲಸ. ಆಕೆಗೆ 34, ಹೈಸ್ಕೂಲ್ ಟೀಚರ್. ಐದು ವರ್ಷದ ಮಗನಿದ್ದಾನೆ. ಮಾತುಮಾತಿಗೂ ಜಗಳ ಎಂದು ಹೇಳಿಕೊಂಡು ಆಪ್ತಸಲಹೆಗೆ ನನ್ನ ಬಳಿ ಬಂದರು. ಬೇರೆಬೇರೆಯಾಗಿ ಮಾತಾಡಿಸಿದಾಗ ಗೊತ್ತಾಯಿತು, ಇಬ್ಬರ ನಡುವೆ ಲೈಂಗಿಕ ಸಂಬಂಧ ನಿಂತು ವರ್ಷದ ಮೇಲಾಗಿದೆ. ಹೀಗೆ ಒಬ್ಬೊಬ್ಬರನ್ನೇ ಕೇಳುವುದಕ್ಕೆ ಇನ್ನೊಂದು ಕಾರಣವೂ ಇದೆ: ಹೊಡೆತ, ಬಲವಂತ ಇರುವ ಮನೆಯವರನ್ನು ಜೋಡಿಯಾಗಿ ಕೂರಿಸಿ ಸಲಹೆ ಕೊಡುವುದು ಅಪಾಯ. ಇಲ್ಲಿ ಅದೇನೂ ಇರಲಿಲ್ಲ.

"ಹೆರಿಗೆ ಆದ್ಮೇಲೆ ದಪ್ಪ ಆಗಿದೀನಿ ಮೇಡಂ. ಇವರಿಗೆ ನನ್ನ ಕಂಡ್ರೆ ಅಸಹ್ಯ. ಮಲಗಿದ ತಕ್ಷಣ ಆ ಕಡೆ ತಿರುಗಿಬಿಡ್ತಾರೆ" ಎಂದರು ಆಕೆ. ಆತ ಸಾಲದ ಕಂತು, ಆಡಿಟ್ಟು ಎಂದು ಬಹಳ ಹೊತ್ತು ಸುತ್ತಿಬಳಸಿದರು. ಆಡಿಟ್ ನಡೆಯುತ್ತಿದ್ದಾಗ ಒಂದು ರಾತ್ರಿ ನಿಮಿರುವಿಕೆ ಆಗಲಿಲ್ಲ, ಮುಂದಿನ ವಾರವೂ ಹಾಗೇ. "ಆಮೇಲೆ ಅವಳು ಹತ್ರ ಬಂದ್ರೇ ಎದೆ ಹೊಡ್ಕೊಳ್ಳುತ್ತೆ. ಮತ್ತೆ ಹಂಗಾದ್ರೆ ಗಂಡಸೇ ಅಲ್ಲ ಅಂದ್ಕೋತಾಳೆ."

ಮೊದಲು ವೈದ್ಯರ ಬಳಿ ಕಳಿಸಿದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಅದಕ್ಕೆ ನುಂಗುವ ಕೆಲವು ಮಾತ್ರೆಗಳು, ಸಿಗರೇಟು, ಕುಡಿತ ಎಲ್ಲವೂ ಈ ತೊಂದರೆ ತರಬಲ್ಲವು; ಕೆಲವರಲ್ಲಿ ಇದು ಹೃದಯದ ಕಾಯಿಲೆಯ ಮುನ್ಸೂಚನೆ. 'ಎಲ್ಲಾ ಟೆನ್ಷನ್' ಎಂದು ಕೈತೊಳೆದುಕೊಳ್ಳುವಂತಿಲ್ಲ. ಇವರ ವರದಿಗಳು ಸರಿಯಾಗಿದ್ದವು, ಬೆಳಗಿನ ಜಾವದ ನಿಮಿರುವಿಕೆಯೂ ಎಂದಿನಂತಿತ್ತು. ಆತಂಕದ ಪಾಲೇ ಹೆಚ್ಚು ಎನ್ನಲು ಅದೊಂದು ಒಳ್ಳೆಯ ಸುಳಿವು.

'ಹೊಂದಿಕೊಂಡು ಹೋಗಿ' ಎಂದು ಹಿರಿಯರು ಆಗಲೇ ಹೇಳಿ ಮುಗಿಸಿದ್ದರು. ಹೇಗೆ ಎಂದು ಯಾರೂ ಹೇಳಿರಲಿಲ್ಲ. ನಡೆದದ್ದಕ್ಕೂ ಅದರಿಂದಾದ ನೋವಿಗೂ ನಡುವೆ ಥಟ್ಟನೆ ಹಾದುಹೋಗುವ ಯೋಚನೆಯೊಂದಿರುತ್ತದೆ. ಅದನ್ನು ಹಿಡಿದು ನಿಜವೇ ಎಂದು ಕೇಳಬೇಕು ಎಂದವರು ಅಮೆರಿಕದ ಮನೋವೈದ್ಯ ಆರನ್ ಬೆಕ್. 1960ರ ದಶಕದಲ್ಲಿ ಖಿನ್ನತೆಗೆಂದು ರೂಪಿಸಿದ ಈ ವಿಧಾನವನ್ನು ಮುಂದೆ ಅವರೇ ದಾಂಪತ್ಯಕ್ಕೂ ತಂದರು. ಇಬ್ಬರಿಗೂ ಒಂದೊಂದು ನೋಟ್‌ಬುಕ್ ಇಡಲು ಹೇಳಿದೆ. ಮೂರು ಕಾಲಂ: ನಡೆದದ್ದೇನು, ಆಗ ತಲೆಗೆ ಬಂದದ್ದೇನು, ಬೇರೆ ಯಾವ ಕಾರಣವಿದ್ದೀತು. ಆಕೆಯ ಮೊದಲ ಪುಟದಲ್ಲಿ ಮೂರನೆಯ ಕಾಲಂ ಖಾಲಿ. ಇರಲಿ, ಅದನ್ನು ಅವರನ್ನೇ ಕೇಳಿ ತುಂಬಿ ಎಂದೆ. ಆತನ ಗುಟ್ಟನ್ನು ನಾನು ಹೇಳುವಂತಿರಲಿಲ್ಲ. ನನ್ನ ಎದುರಿಗೇ ಕೇಳಿದರು, ಆತ ತಲೆ ತಗ್ಗಿಸಿಕೊಂಡೇ ಹೇಳಿದರು. ಆಕೆ ಸಿಟ್ಟಿಗೆದ್ದರು: "ಇಷ್ಟು ದಿನ ಇದನ್ನ ಹೇಳ್ದೆ ನನ್ನ ಅಳಿಸಿದ್ರಾ?" ನ್ಯಾಯವಾದ ಸಿಟ್ಟು. ನಾನು ಸಮಾಧಾನ ಮಾಡಲು ಹೋಗಲಿಲ್ಲ.

ಮುಂದಿನ ಸಲಹೆ ಅವರಿಗೆ ವಿಚಿತ್ರವೆನಿಸಿತು: ಕೆಲವು ವಾರ ಸಂಭೋಗ ಬೇಡವೇ ಬೇಡ. ಅಮೆರಿಕದ ಲೈಂಗಿಕತೆಯ ಸಂಶೋಧಕರಾದ ಮಾಸ್ಟರ್ಸ್ ಮತ್ತು ಜಾನ್ಸನ್ 1970ರಲ್ಲಿ ವಿವರಿಸಿದ ಸ್ಪರ್ಶದ ಅಭ್ಯಾಸ ಇದು. ಸರದಿಯಂತೆ ಒಬ್ಬರು ಮುಟ್ಟುವುದು, ಇನ್ನೊಬ್ಬರು ಹಿತವೋ ಅಲ್ಲವೋ ಹೇಳುವುದು. ಮೊದಮೊದಲು ಕೈ, ತೋಳು, ಬೆನ್ನು ಅಷ್ಟೇ. ಸ್ತನ, ಜನನಾಂಗ ಮುಟ್ಟುವಂತಿಲ್ಲ. ಪರೀಕ್ಷೆಯೇ ಇಲ್ಲದ ಮೇಲೆ ಫೇಲಾಗುವ ಭಯ ಎಲ್ಲಿಂದ ಬರಬೇಕು? 'ಆಗುತ್ತೋ ಇಲ್ಲವೋ' ಎಂದು ತನ್ನನ್ನೇ ಕಾಯುತ್ತಿದ್ದ ಮನಸ್ಸಿಗೆ ಗಮನ ಕೊಡಲು ಬೇರೊಂದು ಸಿಗುತ್ತದೆ.

ಅಡ್ಡಿ ಬಂದದ್ದು ಮನೆಯದು. ಮಗ ಇಬ್ಬರ ನಡುವೆ ಮಲಗುತ್ತಿದ್ದ, ಕೋಣೆಯ ಬಾಗಿಲಿಗೆ ಚಿಲಕವಿರಲಿಲ್ಲ. ಚಿಲಕ ಹಾಕಿಸಿ, ಮಗನನ್ನು ಅಜ್ಜಿಯ ಪಕ್ಕ ಮಲಗಿಸಿ ಎಂದದ್ದೂ ಚಿಕಿತ್ಸೆಯೇ. ಅಜ್ಜಿ ಕಾರಣ ಕೇಳದೆ ಒಪ್ಪಿದರಂತೆ. ಜಾಣೆ.

ಹಂತಹಂತವಾಗಿ ಸಂಬಂಧ ಸರಿಹೋಯಿತು. ಮತ್ತೆಂದಾದರೂ ತೊಂದರೆಯಾದರೆ ಏನು ಮಾಡುವುದು ಎಂದು ಇಬ್ಬರೂ ಬರೆದಿಟ್ಟುಕೊಂಡಿದ್ದಾರೆ: ಅವತ್ತೇ ಬಾಯಿಬಿಟ್ಟು ಹೇಳುವುದು, ಕೆಲವು ದಿನ ಬರೀ ಸ್ಪರ್ಶದ ಅಭ್ಯಾಸಕ್ಕೆ ಮರಳುವುದು, ವೈದ್ಯರನ್ನು ಕೇಳದೆ ಅಂಗಡಿಯ ಮಾತ್ರೆ ನುಂಗದಿರುವುದು. ಸಾಲದ ಕಂತಿನ ಜಗಳ ಇನ್ನೂ ಇದೆ; ಅದಕ್ಕೆ ಬೇರೆ ದಿನ ಕೊಟ್ಟಿದ್ದೇನೆ.