ಹರಿವಾಣದಲ್ಲಿರಬೇಕಾದ ತಲೆ ಗಾಳಿಯಲ್ಲಿ ತೇಲುವುದೇಕೆ?

ಪ್ರಶ್ನೆ: ಸ್ನಾನಿಕ ಯೋಹಾನನ ತಲೆಯನ್ನು ಹರಿವಾಣದಲ್ಲಿಟ್ಟು ತಂದರೆಂದು ಬೈಬಲ್ ಹೇಳುತ್ತದೆ. ಫ್ರಾನ್ಸಿನ ಗುಸ್ತಾವ್ ಮೊರೊ ಬರೆದ ‘ಪ್ರತ್ಯಕ್ಷ’ ಚಿತ್ರದಲ್ಲಿ ಆ ತಲೆ ಗಾಳಿಯಲ್ಲಿ ತೇಲುತ್ತದೆ. ಕಲಾವಿದ ಕಥೆಯನ್ನು ತಪ್ಪಾಗಿ ತಿಳಿದಿದ್ದನೇ? ಸಂಕೇತವಾದಿಗಳ, ಅಂದರೆ ಕಣ್ಣಿಗೆ ಕಾಣದ್ದನ್ನು ಸಂಕೇತಗಳ ಮೂಲಕ ತೋರಿಸುವ ಕಲಾವಿದರ, ಚಿತ್ರ ನೋಡಲು ಬೈಬಲ್, ಗ್ರೀಕ್ ಪುರಾಣಗಳನ್ನು ಓದಿರಲೇಬೇಕೇ?

ಉತ್ತರ: ಮೊರೊಗೆ ಕಥೆ ಚೆನ್ನಾಗಿಯೇ ಗೊತ್ತಿತ್ತು. 1876ರ ಪ್ಯಾರಿಸ್ ಸಲೋನ್ ಪ್ರದರ್ಶನದಲ್ಲಿ ಈ ಜಲವರ್ಣ ಚಿತ್ರದ ಜೊತೆಗೆ, ರಾಜ ಹೆರೋದನ ಮುಂದೆ ನರ್ತಿಸುವ ಸಲೋಮೆಯ ತೈಲಚಿತ್ರವನ್ನೂ ಅವನು ಇಟ್ಟಿದ್ದ. ಅಲ್ಲಿ ಅವಳು ಕೈಯಲ್ಲಿ ಕಮಲ ಹಿಡಿದು ನರ್ತಿಸುತ್ತಾಳೆ. ಕಡಿದ ತಲೆಯ ಸುಳಿವೇ ಇಲ್ಲ. ಸುವಾರ್ತೆಯ ಪ್ರಕಾರ ತಾಯಿ ಹೆರೋದ್ಯಳ ಮಾತಿನಂತೆ ನರ್ತಿಸಿದ ಈ ಹುಡುಗಿಯೇ ಯೋಹಾನನ ತಲೆಯನ್ನು ಕೇಳುತ್ತಾಳೆ, ಹರಿವಾಣದಲ್ಲಿ ಬಂದದ್ದನ್ನು ತಾಯಿಗೆ ಒಪ್ಪಿಸುತ್ತಾಳೆ. ಅವಳ ಮನಸ್ಸಿನಲ್ಲಿ ಏನಾಯಿತೆಂಬುದರ ಬಗ್ಗೆ ಒಂದು ಮಾತೂ ಇಲ್ಲ. ಮೊರೊ ತನ್ನ ಕುಂಚವನ್ನು ಇಳಿಸಿದ್ದು ಆ ಮೌನದೊಳಕ್ಕೆ.

ಚಿತ್ರವನ್ನು ಮತ್ತೊಮ್ಮೆ ನೋಡಿ. ರಕ್ತ ತೊಟ್ಟಿಕ್ಕುವ ತಲೆಯ ಸುತ್ತ ಪ್ರಭೆ ಇದೆ. ಸಲೋಮೆ ತೋಳು ಚಾಚಿ ಅದನ್ನೇ ದಿಟ್ಟಿಸುತ್ತಾಳೆ, ಅದೂ ಅವಳನ್ನೇ ದಿಟ್ಟಿಸುತ್ತದೆ. ಸಿಂಹಾಸನದ ಮೇಲಿನ ಹೆರೋದ, ಪಕ್ಕದ ಹೆರೋದ್ಯ, ಕತ್ತಿ ಹಿಡಿದ ಕೊಲೆಗಾರ, ಯಾರೂ ಬೆಚ್ಚಿಬಿದ್ದಿಲ್ಲ. ತುಂಬಿದ ಆಸ್ಥಾನದಲ್ಲಿ ತಲೆ ಕಾಣುತ್ತಿರುವುದು ಅವಳೊಬ್ಬಳಿಗೇ ಎಂದು ನಾನು ಓದುತ್ತೇನೆ. ಹಾಗೆ ಓದಿದಾಗ ಚಿತ್ರ ಎಷ್ಟು ಭಯಂಕರವಾಗುತ್ತದೆ! ಇದು ಕೊಲೆಗೆ ಮುಂಚಿನ ಗಳಿಗೆಯೋ, ನಂತರದ್ದೋ ಎಂಬುದನ್ನೂ ಚಿತ್ರ ನಿರ್ಧರಿಸಿ ಹೇಳುವುದಿಲ್ಲ. ತಲೆಯನ್ನು ಹರಿವಾಣಕ್ಕೆ ಇಳಿಸಿದ್ದರೆ ಅದು ಎಲ್ಲರ ಕಣ್ಣಿಗೂ ಬೀಳುವ ವಸ್ತುವಾಗುತ್ತಿತ್ತು.

ಆ ಕಾಲವನ್ನೂ ನೆನೆಯಬೇಕು. ಇಂಪ್ರೆಷನಿಸ್ಟರ ಮೊದಲ ಪ್ರದರ್ಶನ ನಡೆದದ್ದು 1874ರಲ್ಲಿ. ಅವರು ಬಯಲಿನ ಬೆಳಕನ್ನು, ಬೀದಿಯನ್ನು, ನದಿಯನ್ನು ಕಂಡಂತೆ ಹಿಡಿಯುತ್ತಿದ್ದಾಗ ಮೊರೊ ಕಣ್ಣಿಗೆ ಕಾಣದ್ದನ್ನೇ ನಂಬಿ ಕುಳಿತ. ಸಂಕೇತವಾದದ ಪ್ರಣಾಳಿಕೆ ಪ್ಯಾರಿಸ್ಸಿನ ‘ಲ ಫಿಗಾರೊ’ ಪತ್ರಿಕೆಯಲ್ಲಿ ಬಂದದ್ದು 1886ರಲ್ಲಿ, ಈ ಚಿತ್ರಕ್ಕೆ ಹತ್ತು ವರ್ಷಗಳ ನಂತರ. ಆದ್ದರಿಂದ ಅವನು ಆ ಪಂಥದ ಪೂರ್ವಸೂರಿ.

ಫ್ರೆಂಚ್ ಕಲಾವಿದ ಪಾಲ್ ಗೊಗ್ಯಾಂ ಇನ್ನೂ ಧೈರ್ಯ ಮಾಡಿದ. 1888ರಲ್ಲಿ ಫ್ರಾನ್ಸಿನ ಬ್ರಿಟನಿ ಪ್ರಾಂತ್ಯದ ಪೋಂತ್-ಆವೆನ್‌ನಲ್ಲಿ ಬರೆದ ‘ಪ್ರವಚನದ ನಂತರದ ದರ್ಶನ’ದಲ್ಲಿ ಯಾಕೋಬ ದೇವದೂತನೊಡನೆ ಸೆಣಸುತ್ತಾನೆ; ಇದು ಆದಿಕಾಂಡದ 32ನೇ ಅಧ್ಯಾಯದ ಪ್ರಸಂಗ. ನೆಲ ಕಡುಕೆಂಪು. ಓರೆಯಾಗಿ ಹಾದ ಮರದ ಕಾಂಡವೊಂದು ಸೆಣಸಾಟವನ್ನು ಬಿಳಿ ಟೊಪ್ಪಿಗೆಯ ಹಳ್ಳಿ ಹೆಂಗಸರಿಂದ ಬೇರ್ಪಡಿಸಿದೆ. ಆ ನೆಲ, ಆ ಕಾದಾಟ ಇರುವುದು ಪ್ರವಚನ ಕೇಳಿ ಪ್ರಾರ್ಥಿಸುತ್ತಿರುವವರ ಕಲ್ಪನೆಯಲ್ಲಿ ಮಾತ್ರ ಎಂದು ಗೊಗ್ಯಾಂ ವಾನ್ ಗೋಗ್‌ಗೆ ಬರೆದ ಪತ್ರದಲ್ಲಿ ತಾನೇ ವಿವರಿಸಿದ್ದಾನೆ. ಸಮೀಪದ ನಿಜೋಂ ಊರಿನ ಚರ್ಚಿಗೆ ಚಿತ್ರವನ್ನು ಕೊಡಲು ಹೋದಾಗ ಪಾದ್ರಿ ಒಪ್ಪಲಿಲ್ಲ. ಈಗ ಅದು ಎಡಿನ್‌ಬರೋದಲ್ಲಿದೆ.

ಓದಿರಬೇಕೇ ಎಂದು ಕೇಳಿದ್ದೀರಿ. ಓದಿದ್ದರೆ ಲಾಭವಿದೆ, ಏಕೆಂದರೆ ಕಲಾವಿದ ಎಲ್ಲಿ ಕಥೆಯನ್ನು ಬಿಟ್ಟು ಹೊರಟ ಎಂಬುದು ಆಗ ತಿಳಿಯುತ್ತದೆ. ಈ ಚಿತ್ರಕ್ಕೆ ಮಾರ್ಕನ ಸುವಾರ್ತೆಯ 6ನೇ ಅಧ್ಯಾಯ ಸಾಕು. ಅಲ್ಲಿ ಹುಡುಗಿಯ ಹೆಸರೂ ಸಿಗುವುದಿಲ್ಲ. ಸಲೋಮೆ ಎಂಬ ಹೆಸರು ಇತಿಹಾಸಕಾರ ಜೋಸೆಫಸ್‌ನಿಂದ ಬಂದದ್ದು. ಮೊರೊನ ‘ಜ್ಯುಪಿಟರ್ ಮತ್ತು ಸೆಮೆಲೆ’ಯನ್ನು ನೋಡುವ ಮುನ್ನ ಇಷ್ಟು ತಿಳಿದಿರಲಿ: ದೇವರಾದ ಜ್ಯುಪಿಟರ್‌ನ ನಿಜರೂಪವನ್ನು ಕಾಣಬೇಕೆಂದು ಹಟ ಹಿಡಿದ ಸೆಮೆಲೆ ಅದರ ತೇಜಸ್ಸಿಗೆ ಸುಟ್ಟುಹೋದಳು. ಅದು ಪ್ಯಾರಿಸ್ಸಿನಲ್ಲಿ ಅವನ ಮನೆಯೇ ಆಗಿದ್ದ ವಸ್ತುಸಂಗ್ರಹಾಲಯದಲ್ಲಿದೆ. ‘ಪ್ರತ್ಯಕ್ಷ’ದ ತೈಲವರ್ಣದ ರೂಪವೂ ಅಲ್ಲೇ ಇದೆ, ಕಂಬಗಳ ಮೇಲೆ ಅವನು ಎಷ್ಟೋ ವರ್ಷಗಳ ನಂತರ ಎಳೆದ ಸಣ್ಣ ಬಿಳಿ ಗೆರೆಗಳನ್ನು ಹತ್ತಿರದಿಂದ ನೋಡಿ.